ಉಂಡೆ ಕಟ್ಟುವ ಪಾಳಿ

ಸುಂಟಿಕೊಪ್ಪದಿಂದ ಮೇಲೆ ಹಳೆಯದೊಂದು ಪಲ್ಪರ್ ಮನೆ.
ಕಾಫಿ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ ಜಾಗದಲ್ಲಿ
ಈಗ ಹದಿನಾಲ್ಕು ಮಂಚ, ಹದಿನಾಲ್ಕು ಗಂಡಸರು.
ಗೋಡೆಗೆ ಇನ್ನೂ ಹುಳಿ ವಾಸನೆ.
ಮೊದಲ ರಾತ್ರಿ ಅದನ್ನೇ ಮೂಸುತ್ತ ಮಲಗಿದೆ,
ಹುಳಿತದ್ದು ಯಾವುದಾದರೇನು ಅಂತ.

ಇಲ್ಲಿ ಹೆಂಗಸರಿಲ್ಲ.
ಅಂದರೆ ತಟ್ಟೆ ಎತ್ತುವವರಿಲ್ಲ,
ಬಚ್ಚಿಟ್ಟ ಕ್ವಾರ್ಟರು ಹುಡುಕುವವರಿಲ್ಲ,
'ಅವಳ ಬಾಯಿ ತಾಳಲಾರದೆ ಕುಡಿದೆ' ಅನ್ನಲು
ಆ ಬಾಯಿಯೂ ಇಲ್ಲ.

ಬೆಳಿಗ್ಗೆ ಐದೂವರೆಗೆ ಗಂಟೆ. ನಾಲ್ವರ ಪಾಳಿ ಅಡುಗೆಮನೆಗೆ.
ಕುಟ್ಟಯ್ಯ ಮೇಷ್ಟ್ರು, ಹನ್ನೊಂದು ವರ್ಷದಿಂದ ಮುಟ್ಟದವರು,
ಪಾತ್ರೆ ಇಳಿಸಿ ಹೇಳಿದ್ದು ಇಷ್ಟೇ:
'ತರಿ ಬಿಸಿ ಇರುವಾಗಲೇ ಕಟ್ಟಬೇಕು.'

ನಾನು ಲೈನ್‌ಮನ್.
ಆನೆ ಕೆಡವಿದ ಕಂಬ, ಮರ ಬಿದ್ದ ತಂತಿ,
ರಾತ್ರಿ ಎರಡಕ್ಕೂ ಹತ್ತಿ ಊರಿಗೆ ಬೆಳಕು ಕೊಟ್ಟ ಕೈ.
ಆ ಕೈಯಲ್ಲಿ ಒಂದು ಕಡಂಬುಟ್ಟು ಉಂಡೆಯಾಗಲಿಲ್ಲ.
ಪಕ್ಕದಲ್ಲಿ ಸುಬೇದಾರ್ ಚೀಯಣ್ಣ, ಅವರದು ಮೊಟ್ಟೆ ಆಕಾರ.
ಬೊಳ್ಳನದು ಚಪ್ಪಟೆ. ಅವನು ತೋಟದ ಲೈನಿನವನು,
'ಇಬ್ಬರೂ ಲೈನಿನವರೇ' ಅಂದೆ, ಅವನು ನಗಲಿಲ್ಲ.
ಗೋಣಿಕೊಪ್ಪದ ಹುಡುಗ ಶರಿನ್‌ಗೆ ಕುಡಿತವಿಲ್ಲ, ಮಾತ್ರೆ.
ಅವನ ಉಂಡೆ ಮಾತ್ರ ಗೋಲಿಯಂತೆ ಗುಂಡಗೆ.
ನಮಗೆಲ್ಲ ಹೊಟ್ಟೆಕಿಚ್ಚು.
ಅವನು ನಡುಗುವುದು ರಾತ್ರಿ ಎಂದು ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ಸುತ್ತ ಕೂರಿಸಿ ಕೇಳುತ್ತಾರೆ, ಹೇಗಿದ್ದೀರಿ?
'ಚೆನ್ನಾಗಿದ್ದೇನೆ' ಅನ್ನುವಂತಿಲ್ಲ.
ಅದೊಂದು ಮಾತು ಕಿತ್ತುಕೊಂಡರೆ
ಗಂಡಸರ ಬಳಿ ಉಳಿಯುವುದು ಕೆಮ್ಮು.
ಬೊಳ್ಳ ಮೊದಲ ವಾರ ಕುರ್ಚಿಯಲ್ಲೇ ಕೂರಲಿಲ್ಲ.
ಸುಬೇದಾರರು ಮೂರು ದಿನ 'ಓಕೆ ಸರ್.'
ನಾಲ್ಕನೆಯ ದಿನ,
ಮಗನ ಮದುವೆಗೆಂದು ಕ್ಯಾಂಟೀನ್ ರಮ್ಮು ಕೂಡಿಟ್ಟದ್ದು,
ಮದುವೆಗೆ ಮೊದಲೇ ಮುಗಿಸಿದ್ದು,
ಖಾಲಿ ಬಾಟಲಿಗೆ ಕಣ್ಣು ಚಹಾ ತುಂಬಿ ಮುಚ್ಚಳ ಬಿಗಿದದ್ದು,
ಬೀಗರು ತೆರೆದದ್ದು.
ಯಾರೋ ನಕ್ಕರು. ನಾನೇ ಇರಬೇಕು.
ಅವರೂ ನಕ್ಕರು, ನಗುತ್ತಲೇ ಮುಖ ಮುಚ್ಚಿಕೊಂಡರು.
ಯಾರೂ ಬೆನ್ನು ತಡವಲಿಲ್ಲ.
ನಮಗೆ ಗೊತ್ತಿದ್ದುದು ಗ್ಲಾಸಿಗೆ ಗ್ಲಾಸು ತಾಗಿಸುವುದು.
ಶರಿನ್ ಎದ್ದು ನೀರು ತಂದಿಟ್ಟ.

ನನ್ನ ಸರದಿ.
ನಾಪೋಕ್ಲು ರಸ್ತೆ, ಸಂಜೆ. ಸ್ವಿಚ್ ಎಳೆದಿದ್ದೇನೆ ಎಂದೆ.
ಎಳೆದಿರಲಿಲ್ಲ. ಹೆಲ್ಪರ್ ಹುಡುಗ ಹತ್ತಿದ.
ಬದುಕಿದ್ದಾನೆ. ಎಡಗೈ ಇಲ್ಲ.
ಆರು ವರ್ಷ ಎಲ್ಲರಿಗೂ ಹೇಳಿದ್ದು
'ಕರೆಂಟು ಹೊಡೆಯಿತು.'
ಅಂದು ಆ ವಾಕ್ಯದ ಮೊದಲಿಗೆ
ಕರೆಂಟು ತೆಗೆದು 'ನಾನು' ಇಟ್ಟೆ.
ವ್ಯಾಕರಣ ಅಷ್ಟು ನೋಯುತ್ತದೆಂದು ಗೊತ್ತಿರಲಿಲ್ಲ.

ಕೈಲ್ ಪೊಳ್ದ್ ಬಂತು.
ಕೋವಿ ಇಲ್ಲ, ಒಡಿಕತ್ತಿ ಇಲ್ಲ,
ಕ್ಷೌರದ ಬ್ಲೇಡೂ ಮೇಷ್ಟ್ರ ಬೀಗದೊಳಗೆ.
ಬೇಲಿಯ ತೋಕ್ ಪೂ ಕಿತ್ತು ಯಾವುದಕ್ಕೆ ಮುಡಿಸುವುದು?
ಬೊಳ್ಳ ಸೌಟಿನ ಹಿಡಿಗೆ ಕಟ್ಟಿದ.
ಚೀಯಣ್ಣ ಬಾಳೆಲೆಯಲ್ಲಿ ಮೀದಿ ಇಟ್ಟರು,
ಎರಡು ಉಂಡೆ, ಹಂದಿ ಸಾರು, ಒಂದು ಲೋಟ.
ಹಿರಿಯರಿಗೆ ಹನಿ ಚಿಮುಕಿಸದೆ
ತಾನು ತುಟಿಗಿಟ್ಟವನಲ್ಲ ಅವರ ಮನೆಯ ಗಂಡು.
ಎಲ್ಲರ ಕಣ್ಣೂ ಆ ಲೋಟದಲ್ಲಿ.
ಬೆಲ್ಲದ ಕಾಫಿ, ಹಾಲಿಲ್ಲದ್ದು.
ಉಂಗುರದ ಬೆರಳು ಅದ್ದಿ ಮೂರು ಹನಿ.
'ಅವರಿಗೆ ಸಿಟ್ಟು ಬರುವುದಿಲ್ಲವಾ?' ಬೊಳ್ಳ ಕೇಳಿದ.
'ಬರಲಿ. ಅವರಿಗೂ ಅಭ್ಯಾಸವಾಗಬೇಕು.'
ಸಂಜೆಯವರೆಗೆ ಸುಬೇದಾರರು ಯಾರ ಜೊತೆಯೂ ಮಾತಾಡಲಿಲ್ಲ.

ಶರಿನ್ ಮನೆಗೆ ಹೋದ.
ಒಂಬತ್ತನೆಯ ದಿನ ಅವನ ಅಪ್ಪನ ಜೀಪು ಮತ್ತೆ ಬಂತು.
ಯಾರೂ ಏನೂ ಕೇಳಲಿಲ್ಲ.
ಕೈ ತೊಳೆದು ಪಾಳಿಗೆ ನಿಂತ. ಈ ಸಲ
ಅವನ ಕೈಯಲ್ಲೂ ಉಂಡೆ ಒಡೆಯಿತು,
ಮತ್ತೊಂದು, ಅದೂ.
ಚೀಯಣ್ಣ ತಮ್ಮದನ್ನು ಕೆಳಗಿಟ್ಟು
ಅವನ ಎರಡೂ ಕೈ ತಮ್ಮ ಕೈಯೊಳಗೆ ತೆಗೆದುಕೊಂಡರು.
ನಾನು ನೋಡಬಾರದೆಂದು ಹಬೆಯ ಬಟ್ಟೆ ಹಿಂಡುತ್ತಿದ್ದೆ,
ಆದರೂ ನೋಡಿದೆ:
ಕೊನೆಗೆ ಆಯಿತು ಒಂದು,
ಮೊಟ್ಟೆ ಆಕಾರದ್ದು.